ಏಳು ನೀರು

ಮಾರ್ಚ್ 3

ಅತ್ತಿಗೆಯವರಿಗೆ ನಮಸ್ಕಾರ.

ಈ ಕೈಬರಹ ಯಾರದೆಂದು ನಿಮಗೆ ಗುರುತು ಹತ್ತಲಿಕ್ಕಿಲ್ಲ. ನಾನು ನಿಮ್ಮ ತಮ್ಮನ ಹೆಂಡತಿ. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೋದ ವಾರ ಎರಡು ಸಲ ಫೋನ್ ಮಾಡಿದ್ದೆ. "ಯಾರು?" ಎಂದಿರಿ, "ನಾನು" ಎಂದೆ, ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ.

ಒಂದು ಸಣ್ಣ ಕೇಳಿಕೆ. ನಿಮ್ಮ ಅಂಗಡಿಯ ತಣ್ಣನೆಯ ನೂಡಲ್ಸನ್ನು ಮನೆಯಲ್ಲಿ ಮಾಡುವುದು ಹೇಗೆಂದು ಬರೆದು ಕಳಿಸುವಿರಾ? ಎಳ್ಳಿನ ಸಾಸ್ ಕಲಸಿ, ಮೇಲೆ ಸೌತೆಕಾಯಿ ಇಟ್ಟು ಕೊಡುತ್ತಿದ್ದಿರಲ್ಲ, ಅದು. ನಮ್ಮ ಬೀದಿಯಲ್ಲಿ ಸಿಗುವುದೆಲ್ಲ ಬಿಸಿಯದು. ನಮಗೆ ತಣ್ಣಗಿನದೇ ಬೇಕಾಗಿದೆ.

ನಾನು ಹೊಲಿಗೆ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲೇ ಇದ್ದೇನೆ. ಇವರೂ ಸದ್ಯ ಐಸ್ ಫ್ಯಾಕ್ಟರಿಗೆ ಹೋಗುತ್ತಿಲ್ಲ. ಹಾಗಾಗಿ ಮಾಡಲು ಸಮಯವಿದೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತು. ಬೇಡ ಎನ್ನಲಿಲ್ಲ.

ನಿಮಗೆ ಮಂಡಿ ನೋವೆಂದು ಯಾರೋ ಹೇಳಿದರು. ಈಗ ಹೇಗಿದೆ?

ನಿಮ್ಮ ನಾದಿನಿ


ಮಾರ್ಚ್ 11

ನಾದಿನಿಗೆ,

ನನ್ನ ಮಂಡಿ ನನ್ನದು. ಅದರ ವಿಚಾರ ನಿನಗೆ ಬೇಡ.

ಕಾಗದ ಓದಿದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಸಾಲುಗಳ ನಡುವೆ ಏನಿದೆ ಅಂತ ಓದುವುದಕ್ಕೆ ಶಾಲೆ ಬೇಕಾಗಿಲ್ಲ. ನೀನು ಕೆಲಸ ಬಿಟ್ಟಿದ್ದೀಯ. ಅವನು ಕೆಲಸ ಬಿಟ್ಟಿದ್ದಾನೆ. ಬೇಸಿಗೆ ತಲೆಯ ಮೇಲೆ ಬಂದಿದೆ. ಇಬ್ಬರಿಗೂ ಇದ್ದಕ್ಕಿದ್ದ ಹಾಗೆ ತಣ್ಣನೆಯ ನೂಡಲ್ಸ್ ಬೇಕಾಗಿದೆ. ಅಂಗಡಿ ಇಡುತ್ತೀರಿ ಅಂತ ನೆಟ್ಟಗೆ ಬರೆಯುವುದಕ್ಕೇನು ಧಾಡಿ? ಫ್ಯಾಕ್ಟರಿಯ ಗುರುತಿದೆ, ಐಸ್ ಸಲೀಸಾಗಿ ಸಿಗುತ್ತದೆ. ಇನ್ನು ನನ್ನ ಸಾಸ್ ಒಂದು ಸಿಕ್ಕರೆ ಬೋರ್ಡು ಬರೆಸುವುದಷ್ಟೇ ಬಾಕಿ.

ಅದಿರಲಿ, ಅವನೇ ಯಾಕೆ ಕೇಳಲಿಲ್ಲ? ಅವನ ಬಾಯಿಗೇನಾಗಿದೆ? ಹೆಂಡತಿಯ ಕೈಯಲ್ಲಿ ಬರೆಸುವವನಿಗೆ ಅಕ್ಕನ ಹತ್ತಿರ ಎರಡು ಮಾತಾಡಲು ನಾಲಿಗೆ ಇಲ್ಲವೇ?

ಕೊಡುವುದಿಲ್ಲ ಅಂದರೆ "ಮುದುಕಿ ಹೆದರಿದಳು" ಅನ್ನುತ್ತೀರಿ. ನನಗೆ ಯಾರ ಹೆದರಿಕೆಯೂ ಇಲ್ಲ. ಇಲ್ಲಿ ಈಗಲೂ ಹನ್ನೊಂದು ಗಂಟೆಗೆ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಬರೆದುಕೋ.

ಪಾತ್ರೆ ದೊಡ್ಡದಿರಲಿ. ಸಣ್ಣ ಪಾತ್ರೆಯಲ್ಲಿ ನೂಡಲ್ಸ್ ಬೇಯಿಸುವುದೂ ಬಕೆಟ್ಟಿನಲ್ಲಿ ಈಜು ಕಲಿಯುವುದೂ ಒಂದೇ. ನೀರು ಕೊತಕೊತ ಕುದಿಯುವಾಗ ಬಿಡಿಸಿ ಹಾಕು. ಉಕ್ಕಿ ಬಂದರೆ ಒಂದು ಲೋಟ ತಣ್ಣೀರು, ಮತ್ತೆ ಉಕ್ಕಿದರೆ ಮತ್ತೊಂದು ಲೋಟ. ಒಂದು ಎಳೆ ಕಚ್ಚಿ ನೋಡು. ನಡುವೆ ಹಲ್ಲಿಗೆ ಕೂದಲಷ್ಟು ತಡೆ ಸಿಗುವಾಗ ಇಳಿಸಬೇಕು. ಪೂರ್ತಿ ಬೆಂದ ಮೇಲೆ ಇಳಿಸಿದರೆ ಅದು ನೂಡಲ್ಸ್ ಅಲ್ಲ, ಗಂಜಿ. ಬುಟ್ಟಿಗೆ ಸುರಿದು ನೀರು ಬಸಿ. ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡು.

ಸಾಸಿಗೆ ಬಿಳಿ ಎಳ್ಳು. ಸಣ್ಣ ಉರಿಯಲ್ಲಿ ಹುರಿ, ಕಣ್ಣು ತೆಗೆಯಬೇಡ. ಘಮ ಬಂತು ಅಂದ ಕೂಡಲೆ ಇಳಿಸು. ಬಣ್ಣ ಬರಲಿ ಅಂತ ಕಾದೆಯೋ, ಕಹಿ. ಬೆಣ್ಣೆಯ ಹಾಗೆ ಅರೆ. ಅದಕ್ಕೆ ಸೋಯಾ ಸಾಸ್, ಅದರ ಅರ್ಧದಷ್ಟು ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಶುಂಠಿಯ ರಸ. ಮೇಲಕ್ಕೆ ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕಡಲೆಕಾಯಿ ತರಿ, ಖಾರದ ಎಣ್ಣೆ.

ಇಷ್ಟೇ. ನಮ್ಮಪ್ಪ ಹಡಗಿನ ಅಡುಗೆಮನೆಯಲ್ಲಿ ಯಾವನೋ ಪುಣ್ಯಾತ್ಮನ ಕೈಕೆಳಗೆ ಎಂಟು ವರ್ಷ ಬೈಸಿಕೊಂಡು ಕಲಿತದ್ದು. ನಿನಗೆ ಒಂದು ಅಂಚೆಯಲ್ಲಿ ಬಂದಿದೆ. ಮಾಡಿ ನೋಡು.

ಅವನ ಅಕ್ಕ


ಮಾರ್ಚ್ 24

ಅತ್ತಿಗೆಯವರಿಗೆ,

ಬರೆದು ಕಳಿಸಿದ್ದಕ್ಕೆ ಉಪಕಾರವಾಯಿತು. ಅಂಗಡಿಯ ಮಾತು ಸುಳ್ಳು. ಇಡುವ ಶಕ್ತಿಯೂ ಇಲ್ಲ, ಮನಸ್ಸೂ ಇಲ್ಲ.

ನೀವು ಬರೆದದ್ದರಲ್ಲಿ ಒಂದು ಅಕ್ಷರ ತಪ್ಪದೆ ಮಾಡಿದೆ. ಪಕ್ಕದ ಮನೆಯಿಂದ ದೊಡ್ಡ ಪಾತ್ರೆ ತಂದೆ. ಎರಡು ಲೋಟ ತಣ್ಣೀರು, ಕೂದಲಷ್ಟು ತಡೆ, ಎಲ್ಲ ಸರಿಯಾಗಿತ್ತು. ಫ್ರಿಜ್ಜಿನಿಂದ ತೆಗೆದು ಬಟ್ಟಲು ಬೋರಲು ಹಾಕಿದರೆ, ಬಟ್ಟಲಿನ ಆಕಾರದಲ್ಲೇ ಒಂದು ಮುದ್ದೆ ಎದ್ದು ಬಂತು. ಬೆರಳಲ್ಲಿ ಒತ್ತಿದರೆ ಸೋಪಿನ ಹಾಗೆ ಜಾರಿ, ಮತ್ತೆ ಅಲ್ಲೇ ಅಂಟಿಕೊಂಡಿತು. ಸಾಸ್ ಸುರಿದೆ, ಒಳಗೆ ಇಳಿಯಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಬಡಿಸಿದೆ.

ಇವರು ಒಂದು ತುಂಡು ಬಾಯಿಗಿಟ್ಟು ತಟ್ಟೆ ಸರಿಸಿದರು. ಆಮೇಲೆ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಮತ್ತೆ ಎರಡು ಸಲ ಮಾಡಿದೆ. ಮತ್ತೆರಡು ಮುದ್ದೆ.

ಕೇಳಲು ಸಂಕೋಚ. ಆದರೂ ಕೇಳುತ್ತೇನೆ. ನೀವು ಏನನ್ನಾದರೂ ಬರೆಯದೆ ಬಿಟ್ಟಿದ್ದೀರಾ? ಮರೆತಿದ್ದರೂ ಪರವಾಗಿಲ್ಲ, ಬೇಕೆಂದೇ ಬಿಟ್ಟಿದ್ದರೂ ಪರವಾಗಿಲ್ಲ. ಸ್ವಲ್ಪ ಬೇಗ ತಿಳಿಸಿದರೆ ಒಳ್ಳೆಯದಿತ್ತು.

ನಿಮ್ಮ ನಾದಿನಿ


ಏಪ್ರಿಲ್ 1

ನಾದಿನಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಲವತ್ತು ವರ್ಷ ನಾನು ಮಾಡಿದ್ದು ಮುದ್ದೆಯಾಗಲಿಲ್ಲ, ನಿನ್ನ ಕೈಯಲ್ಲಿ ಮೂರು ಸಲ ಮುದ್ದೆಯಾಯಿತು ಅಂದರೆ ತಪ್ಪು ನನ್ನ ಕಾಗದದ್ದೋ ನಿನ್ನ ಕೈಯದೋ?

ಆದರೆ ಕೇಳಿದ್ದಕ್ಕೆ ಸುಳ್ಳು ಹೇಳಲಾರೆ. ಹೌದು, ಒಂದನ್ನು ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟಿದ್ದೇನೆ. ನಮ್ಮಪ್ಪ ಹೇಳುತ್ತಿದ್ದ, "ಕಸುಬು ಕಲಿಸುವಾಗ ನಾಲ್ಕು ಬೆರಳು ತೋರ್ಸು, ಒಂದು ಮಡಚಿಟ್ಕೋ." ಅವನಿಗೂ ಅವನ ಗುರು ಒಂದು ಬೆರಳು ಮಡಚಿಟ್ಟುಕೊಂಡೇ ಕಲಿಸಿದ್ದ. ಅದನ್ನು ಕಂಡುಹಿಡಿಯಲು ಅಪ್ಪನಿಗೆ ಮೂರು ವರ್ಷ ಹಿಡಿಯಿತು. ಪುಕ್ಕಟೆ ಐದೂ ಬೆರಳು ಬಿಚ್ಚಿ ತೋರಿಸಲು ನಾನೇನು ಕೈಗವಸಿನ ಅಂಗಡಿಯವಳೇ?

ಆ ಬೆರಳು ಬೇಕಿದ್ದರೆ ಅವನು ಬರೆಯಲಿ. ಅವನ ಕೈಯಲ್ಲಿ, ಅವನ ಅಕ್ಷರದಲ್ಲಿ. "ಅಕ್ಕಾ, ನಾನು ಹೋಗಿದ್ದು ತಪ್ಪು" ಅಂತ ಒಂದು ಸಾಲು. ಬಿಚ್ಚುತ್ತೇನೆ.

ಯಾಕೆ ಹೋದ ಅಂತ ಇವತ್ತಿಗೂ ನನಗೆ ತಿಳಿಯದು. ನಿನಗೆ ತಿಳಿದಿರಬೇಕು, ಅವನ ಕಿವಿ ಊದಿದವಳು ನೀನೇ ತಾನೆ. ಹತ್ತೊಂಬತ್ತು ವರ್ಷ ಹಿತ್ತಲಿನ ನಲ್ಲಿಯ ಹತ್ತಿರ ತೆಪ್ಪಗೆ ಇದ್ದ. ಒಂದು ದಿನವೂ ಎದುರು ಮಾತಾಡಲಿಲ್ಲ. ಅವನು ಬಿಟ್ಟುಹೋದ ವಾರ ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದಿದ್ದ. ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ, ಸೌಟು ಹಿಡಿಸಿದ. ಆಮೇಲೆ ಹಿತ್ತಲಿನ ಕಿಂಡಿಯ ಕಡೆ ನೋಡಿ, "ಅಲ್ಲಿರೋರು ಯಾರು?" ಅಂದ.

"ನನ್ನ ತಮ್ಮ. ನಲ್ಲಿ ಹತ್ರ ಇರ್ತಾನೆ. ನೀರು ಸುರೀತಾನೆ, ಅಷ್ಟೇ" ಅಂದೆ.

"ಅವರದೂ ಒಂದು ಫೋಟೋ ಬೇಡ್ವಾ?"

"ನೀರು ಸುರಿಯೋರದ್ದೆಲ್ಲ ಫೋಟೋ ತೆಗೆದ್ರೆ ನಿಮ್ಮ ಪೇಪರಲ್ಲಿ ಜಾಗ ಸಾಕಾಗುತ್ತಾ?" ಅಂದೆ. ಆ ಮನುಷ್ಯ ನಕ್ಕ. ಗಿರಾಕಿಗಳೂ ನಕ್ಕರು. ತಮಾಷೆಯ ಮಾತು. ಮೂರು ದಿನ ಬಿಟ್ಟು ಇವನು ಏಪ್ರನ್ ಮಡಚಿ ಕಿಂಡಿಯಲ್ಲಿ ಇಟ್ಟು ಹೋದ. ತಮಾಷೆಗೂ ಇವನ ಹೋಗುವಿಕೆಗೂ ಎಲ್ಲಿಯ ನಂಟು? ಮೂರು ದಿನ ಅವನು ಮನೆಗೆ ಬಂದು ಉಂಡದ್ದು ನಿನ್ನ ಕೈಯ ಊಟ. ಯೋಚನೆ ಮಾಡು.

ಅವಸರ ಅಂತ ಬರೆದಿದ್ದೀಯಲ್ಲ. ನೂಡಲ್ಸಿಗೆ ಏನೇ ಅಂಥ ಅವಸರ?

ಅವನ ಅಕ್ಕ


ಏಪ್ರಿಲ್ 10

ಅತ್ತಿಗೆಯವರಿಗೆ,

ಅವಸರ ಏನೆಂದು ಕೇಳಿದ್ದೀರಿ. ನಿಮಗೆ ಹೇಳುವುದಿಲ್ಲವೆಂದು ಇವರು ನನ್ನಿಂದ ಮಾತು ತೆಗೆದುಕೊಂಡಿದ್ದರು. "ಅಯ್ಯೋ ಪಾಪ ಅಂತ ಕೊಡೋದು ನನಗೆ ಬೇಡ" ಎಂದು. ಆ ಮಾತನ್ನು ಇವತ್ತು ಮುರಿಯುತ್ತಿದ್ದೇನೆ.

ನಿಮ್ಮ ತಮ್ಮನ ಬಾಯಿಗೇನಾಗಿದೆ ಎಂದು ಮೊದಲ ಕಾಗದದಲ್ಲೇ ಕೇಳಿದಿರಿ. ಗಂಟಲಲ್ಲಿ ಗಡ್ಡೆ. ಜನವರಿಯಲ್ಲಿ ಕೊಯ್ದು ತೆಗೆದರು, ಜೊತೆಗೆ ದನಿಯೂ ಹೋಯಿತು. ಕೊರಳಲ್ಲಿ ಒಂದು ತೂತಿದೆ, ಅದರಿಂದ ಉಸಿರಾಡುತ್ತಾರೆ. ಮಾತೆಲ್ಲ ಸ್ಲೇಟಿನ ಮೇಲೆ. ಈಗ ನುಂಗುವ ದಾರಿ ದಿನದಿನಕ್ಕೆ ಕಿರಿದಾಗುತ್ತಿದೆ. ಬಿಸಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ತಣ್ಣಗೆ, ಮೆತ್ತಗೆ, ನುಣ್ಣಗೆ ಜಾರುವಂಥದ್ದು ಮಾತ್ರ ಇಳಿಯುತ್ತದೆ. ಹಾಲು ಕಂಡರೆ ಮುಖ ತಿರುಗಿಸುತ್ತಾರೆ. ತೂಕ ನಲವತ್ತೊಂದು ಕಿಲೋ.

"ಏನು ತಿನ್ನೋಕೆ ಆಸೆ, ಹೇಳ್ರೀ" ಎಂದು ಕೇಳಿ ಕೇಳಿ ಸಾಕಾಗಿತ್ತು. ಫೆಬ್ರವರಿಯಲ್ಲಿ ಒಂದು ದಿನ ಸ್ಲೇಟಿನಲ್ಲಿ ಬರೆದರು: "ಅಂಗಡಿಯ ನೂಡಲ್ಸ್." ನಿಮ್ಮ ಹೆಸರು ಬರೆಯಲಿಲ್ಲ. ಆರು ವರ್ಷದಲ್ಲಿ ಅಂಗಡಿ ಎಂಬ ಪದ ಅವರಿಂದ ಬಂದದ್ದು ಅದೇ ಮೊದಲು. ಅದಕ್ಕೇ ಫೋನ್ ಮಾಡಿದೆ.

ಮುದ್ದೆ ಕಂಡ ದಿನ ನಕ್ಕರು ಎಂದಿದ್ದೆನಲ್ಲ. ನಕ್ಕು ಸ್ಲೇಟಿನಲ್ಲಿ ಬರೆದದ್ದು ಇಷ್ಟು: "ನೀರು ಬಿಟ್ಟಿದ್ದಾಳೆ." ಯಾವ ನೀರು, ಎಲ್ಲಿಯ ನೀರು ಎಂದು ಕೇಳಿದೆ. ಅಳಿಸಿ ಬರೆದರು: "ಅಕ್ಕ ಬರೆಯಲಿ." "ನಿಮಗೆ ಗೊತ್ತಿದ್ರೆ ನೀವೇ ಹೇಳಬಾರದಾ? ಹಸ್ಕೊಂಡು ಕೂತು ಯಾರ ಮೇಲೆ ಹಟ ಇದು?" ಎಂದು ಕೂಗಾಡಿದೆ. ಸ್ಲೇಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಹಟದಲ್ಲಿ ನೀವಿಬ್ಬರೂ ಒಂದೇ ಅಚ್ಚು.

ನಿಮ್ಮ ಹಿಂದಿನ ಕಾಗದವನ್ನು ಅವರೇ ಓದಿದರು. ಬೇಕೆಂದೇ ಒಂದು ಬೆರಳು ಮಡಚಿದ್ದೇನೆ ಎಂಬ ಸಾಲಿಗೆ ಬಂದಾಗ ಮುಖ ಅರಳಿತು. ಸುಳ್ಳಲ್ಲ ಅತ್ತಿಗೆ, ತಿಂಗಳುಗಳ ಮೇಲೆ ಅರಳಿತು. ಆ ಸಾಲನ್ನು ಉಗುರಿನಿಂದ ಗೀರಿ ನನಗೆ ತೋರಿಸಿದರು. ಪತ್ರಿಕೆಯವನ ಕಥೆ ಮಾತ್ರ ಓದದೆ ಮಡಚಿದರು. ಅದು ಅವರಿಗೆ ಬಾಯಿಪಾಠವಾಗಿರಬೇಕು. ಕಿವಿ ಊದಿದವಳು ನಾನಲ್ಲ. ಆ ಮೂರು ದಿನ ನನ್ನ ಕೈಯ ಊಟವನ್ನೂ ಅವರು ಉಣ್ಣಲಿಲ್ಲ.

27ನೇ ತಾರೀಖು ಹೊಟ್ಟೆಗೇ ನಳಿಕೆ ಹಾಕುತ್ತಾರೆ. ಅದಾದ ಮೇಲೆ ಬಾಯಿಯಿಂದ ಏನೂ ಇಲ್ಲ. ಮತ್ತೆ ಯಾವಾಗ ಎಂದು ಕೇಳಿದರೆ ಡಾಕ್ಟರು ಬೇರೆ ಮಾತು ತೆಗೆಯುತ್ತಾರೆ. ಅಷ್ಟರೊಳಗೆ ನಿಮ್ಮ ಕೈಯ ಅಕ್ಷರ ಬರಬೇಕು. ಆ ಬೆರಳು ಬಿಚ್ಚಿ. ತಪ್ಪೊಪ್ಪಿಗೆ ಬೇಕಿದ್ದರೆ ಇದೋ, ಅವರ ಪರವಾಗಿ ನಾನು ಬರೆಯುತ್ತೇನೆ: ತಪ್ಪಾಯಿತು.

ನಿಮ್ಮ ನಾದಿನಿ


ಏಪ್ರಿಲ್ 18

ನಾದಿನಿಗೆ,

ಕಾಗದ ಬಂದು ನಾಲ್ಕು ದಿನವಾಯಿತು. ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಮಾತಾಡಲಾಗದವನ ಹತ್ತಿರ ನಾನೊಬ್ಬಳೇ ಏನು ಒದರಲಿ? ಜನವರಿಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೀರಲ್ಲ, ನಾನು ಸತ್ತಿದ್ದೆನೇ? ಅವನು ನನ್ನ ಸೊಂಟದ ಮೇಲೆ ಬೆಳೆದವನು. ಅವನಿಗೆ ಹಲ್ಲು ಬಂದಾಗ ಕಚ್ಚಿದ ಗುರುತು ಇನ್ನೂ ನನ್ನ ಹೆಗಲ ಮೇಲಿದೆ.

ಬೈದದ್ದು ಸಾಕು. ವಿಷಯಕ್ಕೆ ಬರುತ್ತೇನೆ.

ನಾನು ಮಡಚಿದ ಬೆರಳು ಸಕ್ಕರೆ. ಸಾಸಿಗೆ ಎರಡು ಚಮಚ ಸಕ್ಕರೆ, ಮತ್ತು ಎಳ್ಳು ಸಡಿಲವಾಗಲು ನೂಡಲ್ಸ್ ಬೆಂದ ನೀರು ಒಂದು ಸೌಟು. ಅಷ್ಟೇ. ನೀರು ಅಂದನಲ್ಲ, ಇದೇ ನೀರಿರಬೇಕು ಅಂದುಕೊಂಡೆ. ಆದರೆ ಮುದ್ದೆಗೂ ಅದಕ್ಕೂ ಸಂಬಂಧವಿಲ್ಲ. ಸಾಸ್ ಹೇಗಿದ್ದರೂ ನೂಡಲ್ಸ್ ಬಿಡಿಬಿಡಿಯಾಗಿ ಬರಬೇಕು.

ಅದಕ್ಕೆ ನಿನ್ನ ಕೈಯದೇ ತಪ್ಪು ಅಂತ ತೋರಿಸಿಕೊಡಲು ನಾನೇ ಮಾಡಿದೆ. ನನ್ನ ಮನೆಯಲ್ಲಿ, ನನ್ನ ಒಲೆಯ ಮೇಲೆ, ನಿನಗೆ ಬರೆದದ್ದನ್ನು ನೆನಪು ಮಾಡಿಕೊಂಡು, ಅಕ್ಷರ ತಪ್ಪದೆ. ಫ್ರಿಜ್ಜಿನಿಂದ ತೆಗೆದೆ. ಬಟ್ಟಲು ಬೋರಲು ಹಾಕಿದೆ.

ಮುದ್ದೆ.

ಅರ್ಧ ಗಂಟೆ ಅದರ ಮುಂದೆ ಕೂತಿದ್ದೆ.

ಅಂಗಡಿಯಲ್ಲಿ ಬೇಯಿಸುವವಳು ನಾನು, ಸಾಸ್ ನಾನು, ಬಡಿಸುವವಳು ನಾನು. ಬೆಂದದ್ದನ್ನು ಬುಟ್ಟಿಗೆ ಎತ್ತಿ ಕಿಂಡಿಯಲ್ಲಿ ತಳ್ಳುತ್ತಿದ್ದೆ. ಬಿಸಿ ಬುಟ್ಟಿ ಹೋಗುತ್ತಿತ್ತು, ತಣ್ಣನೆಯ ಬುಟ್ಟಿ ಬರುತ್ತಿತ್ತು, ಎಳೆ ಎಳೆಯಾಗಿ. ನಡುವೆ ಏನಾಗುತ್ತಿತ್ತು ಅಂತ ನಾನು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಬಗ್ಗಿ ನೋಡಲಿಲ್ಲ. ಅದಕ್ಕೆ ಮೊದಲು ಅಲ್ಲಿ ಅಪ್ಪ ಇದ್ದ, ಆಗಲೂ ನೋಡಿರಲಿಲ್ಲ. ತಣ್ಣಗಾಗಲಿ ಅಂತ ನೀರು ಸುರಿಯುತ್ತಾನೆ ಅಂದುಕೊಂಡಿದ್ದೆ. ಮನೆಯಲ್ಲಿ ಫ್ರಿಜ್ ಇದೆಯಲ್ಲ, ಅದಕ್ಕೇ ನಿನಗೆ ಫ್ರಿಜ್ ಅಂತ ಬರೆದೆ.

ಅವನಿಗೆ ಹೇಳು. ನೀರನ್ನು ನಾನು ಮಡಚಿಟ್ಟದ್ದಲ್ಲ. ನನ್ನ ಕೈಯಲ್ಲಿ ಆ ಬೆರಳೇ ಇರಲಿಲ್ಲ.

ಇನ್ನೊಂದು ಸುಳ್ಳನ್ನೂ ತೆಗೆದುಹಾಕುತ್ತೇನೆ. ಹನ್ನೊಂದು ಗಂಟೆಗೆ ಜನ ನಿಲ್ಲುತ್ತಾರೆ ಅಂತ ಬರೆದಿದ್ದೆ. ಯಾರೂ ನಿಲ್ಲುವುದಿಲ್ಲ. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಅವನು ಹೋದ ಮೇಲೆ ನಲ್ಲಿಯ ಹತ್ತಿರ ನಾಲ್ಕು ಜನರನ್ನು ಇಟ್ಟು ನೋಡಿದೆ. ಅವರೂ ನೀರು ಸುರಿದರು. ಗಿರಾಕಿಗಳು "ಯಾಕೋ ಅಂಟಂಟು" ಅಂದರು. ಹಿಟ್ಟು ಕೆಟ್ಟಿದೆ ಅಂತ ನೂಡಲ್ಸ್ ಕೊಡುವವನ ಜೊತೆ ಜಗಳವಾಡಿದೆ. ಅವನನ್ನು ಬದಲಾಯಿಸಿದೆ. ಮಂಡಿ ನೋವು ಅಂತ ಬಾಗಿಲು ಹಾಕಿದೆ. ಮಂಡಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ.

ಮುದ್ದೆ ಎಸೆದು ಮತ್ತೆ ಬೇಯಿಸಿದೆ. ಈ ಸಲ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಒಂದು ನೀರು, ಎರಡು ನೀರು, ಮೂರು ನೀರು. ವಾಸಿ, ಆದರೆ ಅಂಗಡಿಯದರ ಹಾಗಿಲ್ಲ. ಎಷ್ಟು ನೀರು, ಹೇಗೆ ತೊಳೆಯಬೇಕು, ನನಗೆ ಗೊತ್ತಿಲ್ಲ. ಅವನನ್ನು ಕೇಳು. ಅಕ್ಕನಿಗೆ ಗೊತ್ತಿಲ್ಲವಂತೆ, ನೀವೇ ಹೇಳಬೇಕಂತೆ ಅಂತ ಕೇಳು. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಅಂತ ಅವನಿಗೆ ತಿಳಿಯುತ್ತದೆ.

ಖಾರ, ಕಡಲೆಕಾಯಿ ಹಾಕಬೇಡ. ವಿನೆಗರ್ ಎರಡೇ ಹನಿ. ಎಳೆಗಳನ್ನು ಗಿಡ್ಡಗೆ ಕತ್ತರಿಸು.

ನಿನ್ನ ಬಗ್ಗೆ ಬರೆದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಮಿಕ್ಕ ಅರ್ಧವನ್ನು ಆಮೇಲೆ ನೋಡೋಣ.

ಅವನ ಅಕ್ಕ


ಏಪ್ರಿಲ್ 28

ಅತ್ತಿಗೆಯವರಿಗೆ,

ನಿಮ್ಮ ಕಾಗದ 25ರ ಮಧ್ಯಾಹ್ನ ಕೈಸೇರಿತು. ಸಮಯಕ್ಕೆ ಬಂತು. ಹಾಗಾಗಿ ಅಂಚೆಯನ್ನು ದೂರುವಂತಿಲ್ಲ.

ಅವರ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಸಕ್ಕರೆಯ ಮಾತಿಗೆ ತಲೆಯಾಡಿಸಿದರು. ಅದು ಅವರಿಗೆ ಮೊದಲೇ ಗೊತ್ತಿತ್ತು. "ಆ ಬೆರಳೇ ಇರಲಿಲ್ಲ" ಎಂಬಲ್ಲಿ ಕೈಯೆತ್ತಿ ನಿಲ್ಲಿಸಿದರು. ಮತ್ತೆ ಓದು ಎಂದು ಸನ್ನೆ ಮಾಡಿದರು. ಓದಿದೆ. ಇನ್ನೊಂದು ಸಲ ಓದಿಸಿದರು.

ಆಮೇಲೆ ಸ್ಲೇಟು ತೆಗೆದುಕೊಂಡರು. ಬರೆದದ್ದು: "ಬೇಕಂತ ಬಿಟ್ಟಿದ್ರೆ ಚೆನ್ನಾಗಿತ್ತು."

"ಯಾಕ್ರೀ ಹಾಗಂತೀರಿ? ಅವರು ಮೋಸ ಮಾಡಿಲ್ಲ ಅಂತ ಗೊತ್ತಾಯ್ತಲ್ಲ, ಸಮಾಧಾನ ಬೇಡ್ವಾ?" ಎಂದೆ.

ಬರೆದರು: "ಗೊತ್ತಿದ್ದು ಮುಚ್ಚಿಟ್ಟಳು ಅಂದ್ಕೊಂಡಿದ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಚ್ಚಿಡುವುದು ಬೆಲೆಯುಳ್ಳದ್ದನ್ನು ತಾನೆ. ತಮ್ಮ ಕೆಲಸವನ್ನು ನೀವು ಮಡಚಿಟ್ಟುಕೊಂಡಿದ್ದೀರಿ ಎಂದು ಒಂದು ತಿಂಗಳು ಅವರು ಸಂತೋಷವಾಗಿದ್ದರು. ಆ ಸಂತೋಷವನ್ನು ನಿಮ್ಮ ನಿಜ ಕಿತ್ತುಕೊಂಡಿತು. ನಿಮ್ಮನ್ನು ಬೈಯಲೂ ಆಗುತ್ತಿಲ್ಲ ನನಗೆ. ನಿಜ ಹೇಳಿ ಎಂದು ಕಾಡಿದವಳು ನಾನೇ.

ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿದ್ದರು. ತಿಂಗಳಿಂದ ಹಾಸಿಗೆ ಬಿಟ್ಟು ಏಳದವರು ಸ್ಟೂಲಿನ ಮೇಲೆ ಕೂತು ನೂಡಲ್ಸ್ ಬೇಯಿಸಿದರು. ಪಾತ್ರೆ ಎತ್ತಲು ಮಾತ್ರ ನನ್ನನ್ನು ಕರೆದರು. ಆಮೇಲೆ ನಲ್ಲಿ ತಿರುಗಿಸಿದರು. ಮೊದಲ ನೀರು ಹಾಲಿನ ಹಾಗೆ. ಚೆಲ್ಲಿದರು. ಎರಡನೆಯದು, ಮೂರನೆಯದು. ಎರಡು ಅಂಗೈ ನಡುವೆ ಮಗುವಿನ ತಲೆ ತೊಳೆಯುವ ಹಾಗೆ ತಿಕ್ಕುತ್ತಾರೆ, ಹಿಸುಕುವುದಿಲ್ಲ. ಪ್ರತಿ ನೀರಿಗೂ ಒಂದೊಂದು ಬೆರಳು ಎತ್ತಿ ನನಗೆ ತೋರಿಸಿದರು. ಐದು ಬೆರಳು ಮುಗಿದು ಇನ್ನೊಂದು ಕೈಗೆ ಹೋಯಿತು. ಐದರ ಮೇಲೆ ಐಸ್ ನೀರು. ಏಳಕ್ಕೆ ನಿಲ್ಲಿಸಿದರು. ಕೈ ಕೆಂಪಾಗಿತ್ತು.

ನೀವು ಹೇಳಿದ ಹಾಗೆ ಸಕ್ಕರೆ ಹಾಕಿ ಸಾಸ್ ಮಾಡಿದೆ. ಅವರು ಕಲಸಿ, ಬಟ್ಟಲನ್ನು ನನ್ನ ಮುಂದೆ ಇಟ್ಟರು. "ನಿಮಗೆ?" ಎಂದೆ. ಬೇಡವೆಂದು ತಲೆಯಾಡಿಸಿದರು. "ನಾಳೆಯಿಂದ ಆಗಲ್ಲ ಕಣ್ರೀ, ಒಂದು ಎಳೆ ತಿನ್ನಿ, ನನಗೋಸ್ಕರ" ಎಂದು ಕೈ ಹಿಡಿದುಕೊಂಡೆ. ಬಿಡಿಸಿಕೊಂಡು ಸ್ಲೇಟಿನಲ್ಲಿ ಬರೆದರು: "ನಾನು ನೀರು ಸುರಿಯೋನು."

ನಾನು ತಿಂದೆ. ಅವರು ನೋಡುತ್ತಾ ಕೂತರು. ಅಂಥದ್ದನ್ನು ನಾನು ನಿಮ್ಮ ಅಂಗಡಿಯಲ್ಲೂ ತಿಂದಿರಲಿಲ್ಲ. ಒಂದು ಎಳೆಯೂ ಬಿಡದೆ ಮುಗಿಸಿದೆ.

ನಿನ್ನೆ ನಳಿಕೆ ಹಾಕಿದರು.

ಇವತ್ತು ಬೆಳಿಗ್ಗೆ ಸ್ಲೇಟಿನಲ್ಲಿ ಬರೆದು, ನಿಮಗೆ ಇಳಿಸಿ ಕಳಿಸು ಎಂದು ಸನ್ನೆ ಮಾಡಿದರು. ಇದ್ದ ಹಾಗೆ ಇಳಿಸಿದ್ದೇನೆ: "ಏಳು ನೀರು. ಪಾತ್ರೆಯ ತಳದ ಅಕ್ಷರ ಓದಲು ಬಂದರೆ ತೊಳೆದದ್ದು ಸಾಕು." ಯಾವ ಅಕ್ಷರ ಎಂದು ಕೇಳಿದೆ. ಹಳೆಯ ಅಗಲ ಪಾತ್ರೆ ಅಲ್ಲೇ ಹಿತ್ತಲಲ್ಲಿ ಇರಬೇಕು, ಅಕ್ಕನೇ ನೋಡಲಿ ಎಂದು ಬರೆದರು.

ನಿಮಗೆ ಬನ್ನಿ ಎಂದು ಅವರು ಹೇಳಿಲ್ಲ. ಬರಬೇಡಿ ಎಂದೂ ಹೇಳಿಲ್ಲ. ನಾನಾಗಿ ಏನೂ ಹೇಳಲಾರೆ.

ನಿಮ್ಮ ನಾದಿನಿ


ಮೇ 6

ತಮ್ಮಾ,

ಈ ಕಾಗದ ನಿನಗೆ. ಹೆಂಡತಿಯ ಕೈಯಲ್ಲಿ ಓದಿಸಬೇಡ, ನೀನೇ ಓದು.

ಹಿತ್ತಲಿನ ಬೀಗ ತುಕ್ಕು ಹಿಡಿದಿತ್ತು, ಒಡೆಸಿದೆ. ನಿನ್ನ ಪಾತ್ರೆ ನಲ್ಲಿಯ ಕೆಳಗೆ ಬೋರಲು ಬಿದ್ದಿತ್ತು. ತಿಕ್ಕಿ, ಮನೆಗೆ ತಂದು, ನೂಡಲ್ಸ್ ಬೇಯಿಸಿ ತೊಳೆಯಲು ಕೂತೆ. ಮೂರು ನೀರಿಗೆ ಸೊಂಟ ಹಿಡಿಯಿತು. ಐದರ ಮೇಲೆ ಐಸ್ ಹಾಕಿದೆ, ಬೆರಳು ನನ್ನವಲ್ಲ ಅನ್ನಿಸಿತು. ಇದು ಒಂದು ಬಟ್ಟಲಿಗೆ. ನಾನು ನಿನಗೆ ದಿನಕ್ಕೆ ನೂರು ಬಟ್ಟಲಿನ ಬುಟ್ಟಿ ತಳ್ಳುತ್ತಿದ್ದೆ, "ಬೇಗ, ಬೇಗ, ನಿದ್ದೆ ಮಾಡ್ತಿದ್ದೀಯಾ?" ಅಂತ ಕಿಂಡಿಗೆ ಸೌಟು ಬಡಿಯುತ್ತಿದ್ದೆ.

ಏಳನೆಯ ನೀರು ತಿಳಿಯಾಯಿತು. ತಳದ ಅಕ್ಷರ ಕಂಡಿತು. ಖಾಲಿ ಪಾತ್ರೆಯಲ್ಲೂ ಕಾಣುತ್ತಿತ್ತು, ನಾನು ಎಂದೂ ನೋಡಿರಲಿಲ್ಲ, ಅಷ್ಟೇ.

ಅಲ್ಲಿ ನಿನ್ನ ಹೆಸರಿಲ್ಲ. ನನ್ನದಿದೆ.

ಅಪ್ಪ ಅಂಗಡಿಯ ಪಾತ್ರೆಗಳನ್ನೆಲ್ಲ ಒಟ್ಟಿಗೆ ಒಯ್ದು ಹೆಸರು ಕೊರೆಸಿದ್ದ, ನೀನು ಆಗ ಇನ್ನೂ ಚಡ್ಡಿ ಹಾಕುತ್ತಿದ್ದೆ. ದೊಡ್ಡವಳು ನಾನು, ಎಲ್ಲದಕ್ಕೂ ನನ್ನ ಹೆಸರೇ ಬಿತ್ತು. ಹತ್ತೊಂಬತ್ತು ವರ್ಷ ನಿನ್ನ ಕೈ ಸೋಲುವ ತನಕ ತಿಕ್ಕಿ, ಪ್ರತಿ ಸಲವೂ ಕೊನೆಗೆ ನೀನು ಓದುತ್ತಿದ್ದದ್ದು ನನ್ನ ಹೆಸರು. ಏನು ಅಂದುಕೊಂಡು ಓದುತ್ತಿದ್ದೆಯೋ ಕೇಳುವುದಿಲ್ಲ. ಕೇಳಲು ಹೆದರಿಕೆ.

ನೂಡಲ್ಸ್ ಎಳೆ ಎಳೆಯಾಗಿ ಬಂತು. ರುಚಿ ನೋಡಲಿಲ್ಲ. ಬಟ್ಟಲು ಇನ್ನೂ ಮೇಜಿನ ಮೇಲಿದೆ.

ನಿನ್ನೆ ಪಾತ್ರೆ ಎತ್ತಿಕೊಂಡು ಅಕ್ಷರ ಕೊರೆಯುವವನ ಹತ್ತಿರ ಹೋದೆ. ನನ್ನ ಹೆಸರಿನ ಪಕ್ಕ ನಿನ್ನದನ್ನು ಹಾಕು ಅಂದೆ. ಅವನು ಬೆಳಕಿಗೆ ಹಿಡಿದು ನೋಡಿದ. ಬೆರಳಲ್ಲಿ ತಳ ತಟ್ಟಿದ.

"ಇದಕ್ಕೆ ಕೊರೆಯೋಕಾಗಲ್ಲ ಅಜ್ಜಿ. ತಿಕ್ಕಿ ತಿಕ್ಕಿ ತಳ ಕಾಗದ ಆಗಿದೆ. ಉಳಿ ಇಟ್ರೆ ತೂತು ಬೀಳುತ್ತೆ."

"ಬಿದ್ದರೆ ಬೀಳಲಿ, ಕೊರಿ" ಅಂದೆ.

"ತೂತಿನ ಪಾತ್ರೇಲಿ ಹೆಸರಿದ್ದು ಏನು ಮಾಡ್ತೀರಿ? ಬೇರೆ ಹೊಸದು ತಗೊಂಡು ಬನ್ನಿ, ಚೆನ್ನಾಗಿ ಹಾಕ್ಕೊಡ್ತೀನಿ" ಅಂದ.

ಅವನನ್ನೂ ಬೈದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಾತ್ರೆಯನ್ನು ಸೀರೆಯ ಸೆರಗಲ್ಲಿ ಸುತ್ತಿಕೊಂಡು ನಡೆದುಕೊಂಡೇ ಮನೆಗೆ ಬಂದೆ.

ನಿನ್ನ ಅಕ್ಕ